ಸಮುದ್ರದಲ್ಲಿ ಉಪ್ಪಿರುವತನಕ

ಚರ್ಚಿನ ನೆಲಮಾಳಿಗೆಯಲ್ಲಿ ಐವರು ಟ್ರಸ್ಟಿಗಳು
ಕೋಟು ಬಿಚ್ಚದೆ ಕೂತಿದ್ದಾರೆ.
ಹನ್ನೊಂದರವರೆಗೆ ಹೀಟರು ಹಚ್ಚುವಂತಿಲ್ಲ;
ಖರ್ಚು ಉಳಿಸಲು ನಾವೇ ಮಾಡಿದ ಠರಾವು.
ನಾನು ಲೆಕ್ಕದವಳು. ಕಾಫಿಯೂ ನನ್ನ ಪಾಲಿಗೇ.

ಸೇಂಟ್ ಜಾನ್ಸಿನಿಂದ ಐದು ತಾಸು
ಹಿಮದಲ್ಲಿ ಕಾರು ಓಡಿಸಿಕೊಂಡು ಬಂದಿದ್ದಾಳೆ ರೋಸಲಿಂಡ್ ಕೀಯೋ,
ದತ್ತಿಯ ಹಣ ಬೆಳೆಸುವುದು ಹೇಗೆಂದು ಕಲಿಸಲು.
ಗೋಡೆಗೆ ಬೆಳಕು ಚೆಲ್ಲಿ ಮೊದಲು ಕೇಳಿದಳು:
"ಈ ನಿಧಿ ಎಷ್ಟು ಕಾಲ ಬಾಳಬೇಕು?"
ಹೆಡ್ಲಿ ಪಿನ್ಸೆಂಟ್ ಗಂಟಲು ಸರಿಮಾಡಿಕೊಂಡು
ಹಳೆಯ ದತ್ತಿಪತ್ರ ಓದಿದ:
ಸಮುದ್ರದಲ್ಲಿ ಉಪ್ಪಿರುವತನಕ.
ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆಯುವ ಊರಲ್ಲ ನಮ್ಮದು,
ಮಂಜು ಜಾಸ್ತಿ.

ಹನ್ನೊಂದು ಮಂದಿ ಒಂದೇ ದೋಣಿಯಲ್ಲಿ ಹೋಗಿ ಬಾರದ ಚಳಿಗಾಲ
ಊರು ಕೂಡಿಸಿದ ಗಂಟು ಇದು.
ಗಂಡ ಮುಳುಗಿದವರ ಮನೆಗೆ ಕಲ್ಲಿದ್ದಲು.
ಈಗ ಕೊಡುವುದು ಎಣ್ಣೆ; ಲೆಡ್ಜರಿನಲ್ಲಿ ಮಾತ್ರ
ಇನ್ನೂ ಕಲ್ಲಿದ್ದಲೆಂದೇ ಬರೆಯುತ್ತೇನೆ.
ಹೆಡ್ಲಿಯ ಅಪ್ಪ ಅದನ್ನು ಠೇವಣಿಯಲ್ಲಿಟ್ಟು ಹೇಳಿದ್ದನಂತೆ,
"ಬ್ಯಾಂಕು ಮುಳುಗುವುದಿಲ್ಲ."
ಮುಳುಗಲಿಲ್ಲ.

ರೋಸಲಿಂಡ್ ಒಂದು ಗೆರೆ ಎಳೆದಳು, ಕೆಳಗೆ ಇನ್ನೊಂದು.
ಮೇಲಿನದು ಬೆಲೆ, ಕೆಳಗಿನದು ನಮ್ಮ ಬಡ್ಡಿ.
ಅಂದು ಇಪ್ಪತ್ತೆರಡು ಮನೆ ಬೆಚ್ಚಗಿಟ್ಟ ಗಂಟು
ಇಂದು ಮೂರು ಮನೆಗೂ ಸಾಲದು.
ಅಂಕಿ ಹಾಗೇ ಇದೆ, ಒಂದು ಸೆಂಟೂ ಸವೆದಿಲ್ಲ,
ಒಳಗೊಳಗೇ ಕೊಳೆತ ದೋಣಿಗೆ
ವರ್ಷವರ್ಷವೂ ಬಣ್ಣ ಬಳಿದ ಹಾಗೆ.
ಹೆಡ್ಲಿ ಕನ್ನಡಕ ತೆಗೆದು ಒರೆಸಿದ.
ಮತ್ತೆ ಒರೆಸಿದ.

"ಎಲ್ಲವನ್ನೂ ಒಂದೇ ಕಡೆ ಇಡಬಾರದು" ಎಂದು ಅವಳು ಶುರುಮಾಡಿದಾಗ
ಸೆಲ್ಬಿ ನಕ್ಕುಬಿಟ್ಟ.
ಕಾಡ್ ಮೀನಿಗೆ ಸರ್ಕಾರ ಬೀಗ ಹಾಕಿದ ವರ್ಷ
ಅವನವು ಆರು ಬಲೆ, ಒಂದೇ ಕೊಲ್ಲಿ.
"ಈ ಪಾಠದ ಫೀಸು ನಾನು ಆಗಲೇ ಕಟ್ಟಿದ್ದೇನೆ, ತಂಗಿ."

ಊಟವಾದ ಮೇಲೆ ಸುಳ್ಳು ಬಿರುಗಾಳಿ ಎಬ್ಬಿಸಿದಳು:
"ಮಾರುಕಟ್ಟೆ ನೂರಕ್ಕೆ ಮೂವತ್ತು ಕುಸಿದಿದೆ.
ಹತ್ತು ನಿಮಿಷ. ಏನು ಮಾಡುತ್ತೀರಿ?"
ಮಾರಿಬಿಡೋಣ, ಎಂದ ಹೆಡ್ಲಿ.
ಗಾಳಿಯಲ್ಲಿ ಹಗ್ಗ ಕೊಯ್ಯುವವನು ದೋಣಿಯವನಲ್ಲ, ಎಂದ ಸೆಲ್ಬಿ.
ಕಾಯೋಣ, ಮೂರು ವರ್ಷದ ಸರಾಸರಿ ಹಿಡಿದು
ನೂರಕ್ಕೆ ನಾಲ್ಕೇ ತೆಗೆಯೋಣ,
ಅದೂ ಭಾರವಾದರೆ ಈ ವರ್ಷ ಏನೂ ಬೇಡ, ಅಸಲು ಉಳಿಯಲಿ,
ಎಂದವಳು ನಾನೇ,
ಬೆಳಗಿನಿಂದ ಕಲಿತದ್ದನ್ನೆಲ್ಲ ಒಂದೇ ಉಸಿರಿಗೆ.
ರೋಸಲಿಂಡ್ ತಲೆದೂಗಿದಳು.

ಡಾರ್ಕಸ್ ಪೆನ್ನಿ ಬೆಳಗಿನಿಂದ ಹೆಣೆಯುತ್ತಿದ್ದಳು.
ಈಗಲೂ ಕಡ್ಡಿ ನಿಲ್ಲಿಸಲಿಲ್ಲ.
"ಅಸಲು ಉಳಿಸಿದ ವರ್ಷವೊಂದು ನನಗೆ ನೆನಪಿದೆ.
ನನಗೆ ಏಳು. ಮೊದಲು ಬೇಲಿ ಉರಿಸಿದೆವು.
ಆಮೇಲೆ ಅಪ್ಪನ ಹುಟ್ಟುಗಳು.
ಆಮೇಲೆ ತೊಟ್ಟಿಲು;
ಫೆಬ್ರವರಿಯ ಹೊತ್ತಿಗೆ ಅದು ಹೇಗೂ ಖಾಲಿಯಾಗಿತ್ತು."

ಕಡ್ಡಿಗಳ ಸದ್ದು.
ಗೋಡೆಯ ಮೇಲೆ ಮೂವತ್ತು ಕೆಂಪಗೆ ನಿಂತೇ ಇತ್ತು.
"ಮುಂದೆ ಹುಟ್ಟುವ ಮಕ್ಕಳಿಗಾಗಿ ನಾವು..." ಎಂದ ರೋಸಲಿಂಡ್
ವಾಕ್ಯ ಮುಗಿಸಲಿಲ್ಲ.
"ಅವರೂ ಬೆಚ್ಚಗಿರಲಿ, ಬೇಡ ಅಂದೆನೇ?
ಬಿತ್ತನೆಯ ಆಲೂಗಡ್ಡೆ ಬೇಯಿಸಬಾರದು, ಗೊತ್ತು.
ಬೇಯಿಸದೆ ಸತ್ತರೆ ಬಿತ್ತುವವರು ಯಾರು?"

ನಾಲ್ಕೂವರೆಗೆ ಕತ್ತಲು.
ನಡಾವಳಿ ಪುಸ್ತಕದಲ್ಲಿ ಬರೆದೆ: ಷೇರು ಇಷ್ಟು, ಬಾಂಡು ಇಷ್ಟು,
ಎರಡು ಚಳಿಗಾಲಕ್ಕಾಗುವಷ್ಟು ನಗದು ಬೇರೆ,
ಅದನ್ನು ಮುಟ್ಟಲು ಯಾವ ಮಾರುಕಟ್ಟೆಯ ಅಪ್ಪಣೆಯೂ ಬೇಡ.
ಚಳಿಗೆ ಸರಾಸರಿ ಇಲ್ಲ ಎಂಬುದನ್ನು
ಠರಾವಿನ ಭಾಷೆಗೆ ತಿರುಗಿಸಲು ಬರಲಿಲ್ಲ,
ಹಾಗೆಯೇ ಬರೆದೆ.

ಸಹಿ ಹಾಕುವ ಮೊದಲು ಹೆಡ್ಲಿ ಕೇಳಿದ,
"ಅಪ್ಪನ ಠೇವಣಿ ಯಾವತ್ತು ಮುರಿಸುತ್ತೀರಿ?"
ಸೋಮವಾರ, ಎಂದೆ.
ಬ್ಯಾಂಕಿಗೆ ತಾನೂ ಬರುತ್ತೇನೆ ಅಂದ.
ಬಾಗಿಲವರೆಗೆ ಹೋಗಿ, ಟೋಪಿ ಕೈಯಲ್ಲಿ ಹಿಡಿದು, ತಿರುಗಿ ನಿಂತು
ಟೈ ಕಟ್ಟಿಕೊಂಡು ಬರಬೇಕೇ
ಎಂದೂ ಕೇಳಿದ.